ಕಪಾಟಿನ ಕ್ಯಾಮೆರಾ, ಕಿಸೆಯ ಕ್ಯಾಮೆರಾ

ಮುಂಬಯಿಯಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿ ಈಗ ಒಂದು ದೊಡ್ಡ ಕ್ಯಾಮೆರಾ ಇರುವುದು ಅಪರೂಪವೇನಲ್ಲ. ಮದುವೆಯ ಹೊಸತರಲ್ಲಿ ಕೊಂಡದ್ದೋ, ಮೊದಲ ಮಗು ಹುಟ್ಟಿದಾಗ ಕೊಂಡದ್ದೋ, ಪರದೇಶದಲ್ಲಿರುವ ಭಾವಮೈದುನ ತಂದುಕೊಟ್ಟದ್ದೋ, ಅಂತೂ ಒಂದು ಇರುತ್ತದೆ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಬಂಧುಗಳ ಮನೆಯ ಉಪನಯನಕ್ಕೆ ಅದು ಹೊರಗೆ ಬರುತ್ತದೆ. ಉಳಿದ ದಿನಗಳಲ್ಲಿ ಕಪಾಟಿನ ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ನೆರೆಯಲ್ಲಿ, ಅವುಗಳಷ್ಟೇ ಜೋಪಾನವಾಗಿ ವಿಶ್ರಮಿಸುತ್ತದೆ. ರೇಷ್ಮೆ ಸೀರೆ ದಿನಬಳಕೆಗೆ ಒದಗುವುದಿಲ್ಲವೆಂದು ಯಾರೂ ಅದನ್ನು ದೂರುವುದಿಲ್ಲ. ಅದಕ್ಕೆಂದೇ ನೂಲಿನ ಸೀರೆ ಬೇರೆ ಇರುತ್ತದೆ. ಹಾಗೆಯೇ ದೊಡ್ಡ ಕ್ಯಾಮೆರಾಕ್ಕೆ ಜೊತೆಯಾಗಿ ಒಂದು ಸಣ್ಣ ಕ್ಯಾಮೆರಾ ಬೇಕೆ? ಬೇಕಾದರೆ ಎಂತಹುದು? ಸಂಬಳದಲ್ಲೇ ಸಂಸಾರ ತೂಗಿಸುವ ಗೃಹಸ್ಥರಿಗೆ ಇದು ಹಗುರವಾದ ಪ್ರಶ್ನೆಯಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾದ ನಾವು ಈ ಪ್ರಶ್ನೆಯನ್ನು ಒಂದು ವರ್ಷ ಕಾಲ ತಿರುವಿ ಮುರುವಿ ನೋಡಿದೆವು. ಅದರಿಂದ ದೊರೆತ ತಿಳಿವಳಿಕೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ತೂಕದ ಲೆಕ್ಕ

ನಮ್ಮ ಮನೆಯಲ್ಲಿರುವುದು ನಿಕಾನ್ ಡಿ ೭೫೦. ೨೦೧೪ರಲ್ಲಿ ಹೊರಬಂದ ಮಾದರಿ. ಇಂದಿಗೂ ಅದರ ಚಿತ್ರಗಳಲ್ಲಿ ಕುಂದೆಣಿಸುವಂತಿಲ್ಲ. ಬ್ಯಾಟರಿ ಮತ್ತು ಕಾರ್ಡು ಸೇರಿ ಅದರ ತೂಕ ೮೪೦ ಗ್ರಾಂ. ೨೪-೧೨೦ ಮಿಲಿಮೀಟರ್ ಮಸೂರವನ್ನು ತೊಡಿಸಿದರೆ ಇನ್ನೂ ೭೧೦ ಗ್ರಾಂ. ಒಟ್ಟಿನಲ್ಲಿ ಒಂದೂವರೆ ಕಿಲೋ ದಾಟಿತು. ಒಂದೂವರೆ ಕಿಲೋ ತೊಗರಿಬೇಳೆಯನ್ನು ಕೊರಳಿಗೆ ತೂಗಿಕೊಂಡು ಬೆಳಗಿನ ಲೋಕಲ್ ಗಾಡಿ ಹತ್ತುವ ಸಾಹಸವನ್ನು ಬಲ್ಲವರೇ ಬಲ್ಲರು. ಅದರ ಮೇಲೆ ಊಟದ ಡಬ್ಬಿ, ಮಳೆಗಾಲವಾದರೆ ಕೊಡೆ. ಆದುದರಿಂದ ದೊಡ್ಡ ಕ್ಯಾಮೆರಾ ಮನೆಯಲ್ಲಿ ಉಳಿಯುವುದು ಸೋಮಾರಿತನದಿಂದಲ್ಲ, ನ್ಯಾಯವಾಗಿಯೇ.

ಇದರಿಂದ ಆಗುವ ನಷ್ಟವೇನು? ಕಳೆದ ವರ್ಷದ ಚಿತ್ರಗಳನ್ನೆಲ್ಲ ತೆಗೆದು ದಿನಾಂಕವಾರು ನೋಡಿದಾಗ ಅದು ನಮಗೆ ಸ್ಪಷ್ಟವಾಯಿತು. ಮುಕ್ಕಾಲು ಪಾಲು ಚಿತ್ರಗಳು ಬೆರಳೆಣಿಕೆಯ ಹಬ್ಬದ ದಿನಗಳವು. ಎಲ್ಲರೂ ಮಡಿಕೆ ಮುರಿಯದ ಬಟ್ಟೆಯಲ್ಲಿ, ಸಾಲಾಗಿ ನಿಂತು, ಒಂದೇ ಬಗೆಯ ಮುಗುಳ್ನಗೆಯಲ್ಲಿ! ನಮ್ಮ ಅಜ್ಜಿ ೨೦೨೨ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ನೂರಾರಿವೆ. ಎಲ್ಲದರಲ್ಲಿಯೂ ಜರಿ ಸೀರೆ, ಮದುವೆಯ ಚಪ್ಪರ, ಹಿಂದೆ ಯಾರದೋ ಭುಜ. ಬೆಳಗಿನ ಹೊತ್ತು ಕಿಟಕಿಯ ಬಳಿ ಕಾಲು ನೀಡಿ ಕುಳಿತು, ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಸೀಳಿ ಹೂ ಕಟ್ಟುತ್ತಿದ್ದ ಆ ಅಜ್ಜಿ ಒಂದು ಚಿತ್ರದಲ್ಲಿಯೂ ಇಲ್ಲ. ನಾವು ನೆನೆಯುವುದಾದರೋ ಆ ಅಜ್ಜಿಯನ್ನೇ. ಮೊಮ್ಮಕ್ಕಳಿಗೆ ಹೇಳಹೊರಟರೆ ಮಾತಿನಲ್ಲಿ ಹೇಳಬೇಕೇ ಹೊರತು ತೋರಿಸುವಂತಿಲ್ಲ. ಹಬ್ಬದ ದಿನಗಳು ಮತ್ತೆ ಬರುತ್ತವೆ. ಸಾಧಾರಣ ದಿನಗಳೇ ಸದ್ದಿಲ್ಲದೆ ಹೋಗಿಬಿಡುವುವು. ಎರಡನೆಯ ಕ್ಯಾಮೆರಾ ಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾವು ಕಾಣೆವು.

ಇದು ಹೊಸ ಕಷ್ಟವಲ್ಲ

ದೊಡ್ಡ ಪೆಟ್ಟಿಗೆಯ ಭಾರಕ್ಕೆ ಬೇಸತ್ತವರಲ್ಲಿ ನಾವು ಮೊದಲಿಗರಲ್ಲ. ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಿಗರಿದ್ದರು. ಉಬ್ಬಸದ ರೋಗಿ, ಗಾಜಿನ ತಟ್ಟೆಗಳ ಭಾರವಾದ ಕ್ಯಾಮೆರಾವನ್ನು ಹೊತ್ತು ಬೆಟ್ಟ ಗುಡ್ಡ ತಿರುಗುವುದು ಅವರಿಂದ ಆಗದ ಮಾತು. ಸಿನಿಮಾ ಫಿಲ್ಮನ್ನೇ ಅಡ್ಡಲಾಗಿ ಓಡಿಸಿ, ೧೮×೨೪ ಮಿಲಿಮೀಟರಿನ ಚಿತ್ರವನ್ನು ಇಮ್ಮಡಿಸಿ ೨೪×೩೬ ಮಾಡಿಕೊಂಡು, ಮಹಾಯುದ್ಧದ ಹೊಸ್ತಿಲಿನಲ್ಲಿ, ಎಂದರೆ ೧೯೧೪ರ ಹೊತ್ತಿಗೆ, ಅವರೊಂದು ಅಂಗೈಯಗಲದ ಕ್ಯಾಮೆರಾವನ್ನು ರೂಪಿಸಿದರು. ಅದೇ ೧೯೨೫ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ಲೈಕಾ ಎಂಬ ಹೆಸರಿನಿಂದ ಲೋಕದ ಮುಂದೆ ಬಂದಿತು. ಇಂದು ‘ಫುಲ್ ಫ್ರೇಮ್’ ಎಂದು ನಾವು ಹೆಮ್ಮೆಯಿಂದ ಕರೆಯುವ ಅಳತೆ ಒಬ್ಬ ಉಬ್ಬಸದ ರೋಗಿ ಭಾರ ತಪ್ಪಿಸಿಕೊಳ್ಳಲು ಕಂಡುಕೊಂಡ ಉಪಾಯ! ಅಂದಿನ ಸಣ್ಣದೇ ಇಂದಿನ ದೊಡ್ಡದು.

ಮುಂದೆ ಜಪಾನಿನ ಒಲಿಂಪಸ್ ಕಂಪನಿಯಲ್ಲಿ ಯೋಶಿಹಿಸಾ ಮೈತಾನಿ ಎಂಬ ತರುಣ ಎಂಜಿನಿಯರ್ ಅದೇ ಲೈಕಾವನ್ನು ಬಳಸುತ್ತಿದ್ದರು. ಆರು ಸಾವಿರ ಯೆನ್ ಬೆಲೆಯಲ್ಲಿ ಸಾಮಾನ್ಯರು ಕೊಳ್ಳಬಹುದಾದ, ಆದರೆ ಲೈಕಾದ ಪಕ್ಕದಲ್ಲಿಟ್ಟರೆ ನಾಚದಂತಹ ಒಂದು ಕ್ಯಾಮೆರಾ ಮಾಡಬೇಕೆಂಬುದು ಅವರ ಹಟ. ಬಾರ್ನಾಕ್ ಇಮ್ಮಡಿಸಿದ್ದನ್ನು ಮೈತಾನಿ ಮತ್ತೆ ಅರ್ಧ ಮಾಡಿದರು. ಮೂವತ್ತಾರು ಚಿತ್ರಗಳ ಸುರುಳಿಯಲ್ಲಿ ಎಪ್ಪತ್ತೆರಡು ಚಿತ್ರಗಳು ಬಂದವು. ೧೯೫೯ರಲ್ಲಿ ಬಂದ ಆ ‘ಒಲಿಂಪಸ್ ಪೆನ್’ ಹೆಸರಿಗೆ ತಕ್ಕಂತೆ ಲೇಖನಿಯ ಹಾಗೆ ಜೊತೆಯಲ್ಲಿ ಒಯ್ಯುವಂತಹುದಾಗಿತ್ತು. ಮಸೂರದ ಗುಣದಲ್ಲಿ ಮಾತ್ರ ಅವರು ರಾಜಿ ಮಾಡಿಕೊಳ್ಳಲಿಲ್ಲ. ಎರಡನೆಯ ಕ್ಯಾಮೆರಾ ಆರಿಸುವವರಿಗೆ ಇದೇ ಮೊದಲ ಪಾಠ: ಗಾತ್ರದಲ್ಲಿ ಬಿಟ್ಟುಕೊಡಬಹುದು, ಮಸೂರದಲ್ಲಿ ಬಿಟ್ಟುಕೊಡಲಾಗದು.

ಫೋನು ಇದೆಯಲ್ಲ?

“ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು. ಫೋನಿನಲ್ಲಿ ಕ್ಯಾಮೆರಾ ಇಲ್ಲವೇನ್ರೀ?” ಎಂದು ನಮ್ಮ ಶ್ರೀಮತಿ ಮೊದಲ ದಿನವೇ ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಹಗಲು ಬೆಳಕಿನಲ್ಲಿ, ಫೋನಿನ ಪರದೆಯ ಮೇಲೆಯೇ ನೋಡಿ ಮುಗಿಸುವ ಚಿತ್ರಗಳಿಗೆ ಫೋನು ಧಾರಾಳವಾಗಿ ಸಾಕು. ಅಷ್ಟರಿಂದಲೇ ತೃಪ್ತರಾದವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಹಣ ಉಳಿಸಿಕೊಂಡರೆ ನಮಗೆ ಸಂತೋಷವೇ.

ಆದರೆ ದೀಪದ ಬೆಳಕಿನ ಅಡುಗೆಮನೆಯಲ್ಲಿ ಮಗು ಓಡುತ್ತಿದ್ದರೆ ಕತೆ ಬೇರೆ. ಚಿತ್ರವನ್ನು ಹಿಡಿಯುವ ಸಂವೇದಕದ ವಿಸ್ತಾರ ದೊಡ್ಡದಾದಷ್ಟೂ ಅದು ಒಟ್ಟುಗೂಡಿಸುವ ಬೆಳಕು ಹೆಚ್ಚು. ಮಳೆಗೆ ಅಂಗಳದಲ್ಲಿ ಚೊಂಬಿಟ್ಟರೆ ಹಿಡಿಯುವ ನೀರಿಗೂ ಪರಾತ ಇಟ್ಟರೆ ಹಿಡಿಯುವ ನೀರಿಗೂ ಇರುವ ಅಂತರವದು. ಅಳತೆಗಳನ್ನು ನೋಡೋಣ. ಫುಲ್ ಫ್ರೇಮ್ ೩೬×೨೪, ಎಂದರೆ ೮೬೪ ಚದರ ಮಿಲಿಮೀಟರ್. ಎಪಿಎಸ್-ಸಿ ಎಂಬುದು ಸುಮಾರು ೩೬೭. ಫೋರ್ ಥರ್ಡ್ಸ್ ೨೨೫. ‘ಒಂದು ಇಂಚು’ ಎಂಬುದು ೧೩.೨×೮.೮, ಎಂದರೆ ಸುಮಾರು ೧೧೬. ಇಂಚು ಎಂದರೂ ಅದರಲ್ಲಿ ಯಾವ ಬದಿಯೂ ಇಂಚು ಉದ್ದವಿಲ್ಲ. ಹಿಂದಿನ ಕಾಲದ ಟೆಲಿವಿಷನ್ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಉಳಿದುಬಂದ ಹೆಸರದು. ಕೆಲವು ದುಬಾರಿ ಫೋನುಗಳಲ್ಲಿ ಈ ಇಂಚಿನದು ಉಂಟು. ಬಹುತೇಕ ಫೋನುಗಳಲ್ಲಿರುವುದು ಇದಕ್ಕಿಂತಲೂ ಕಿರಿದು. ಕೊರತೆಯನ್ನು ಫೋನು ಲೆಕ್ಕಾಚಾರದಿಂದ, ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ತುಂಬಿಕೊಳ್ಳುತ್ತದೆ. ನಿಂತ ವಸ್ತುವಿಗೆ ಅದು ಚೆನ್ನ. ಓಡುವ ಮಗುವಿಗೆ ಅಷ್ಟು ಚೆನ್ನಲ್ಲ.

ಇನ್ನೊಂದು ಮಾತು. ಫೋನು ಕೈಗೆ ಬಂದೊಡನೆ ಅದರೊಡನೆ ಕಚೇರಿಯೂ ಕೈಗೆ ಬರುತ್ತದೆ. ಮಗುವಿನ ಚಿತ್ರ ತೆಗೆಯಲು ಹೊರಟವರು ಮೇಲಧಿಕಾರಿಯ ಸಂದೇಶಕ್ಕೆ ಉತ್ತರ ಬರೆಯುತ್ತ ಕೂರುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಕ್ಯಾಮೆರಾಕ್ಕೆ ಆ ಚಾಳಿ ಇಲ್ಲ.

ಜೊತೆಗಾರನ ಲಕ್ಷಣ

ದೊಡ್ಡದು ಮಾಡುವ ಕೆಲಸವನ್ನೇ ತುಸು ಕಳಪೆಯಾಗಿ ಮಾಡುವ ಇನ್ನೊಂದನ್ನು ಕೊಂಡರೆ ದಂಡ. ದೊಡ್ಡದರಿಂದ ಆಗದ ಕೆಲಸವನ್ನು ಮಾಡುವುದೇ ಜೊತೆಗಾರನ ಧರ್ಮ. ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನಿಜವಾಗಿಯೂ ಕಿಸೆಯಲ್ಲಿ ಹಿಡಿಯುತ್ತದೆಯೆ? ನಮಗೆ ಬೇಕಾದ ದೂರದಿಂದ ಬೇಕಾದಷ್ಟು ಅಗಲವನ್ನು ನೋಡುತ್ತದೆಯೆ? ದೀಪದ ಬೆಳಕಿಗೆ ಸಾಲುತ್ತದೆಯೆ?

ಎರಡನೆಯ ಪ್ರಶ್ನೆಗೆ ಅಳತೆ ಪಟ್ಟಿ ಒಂದಿದ್ದರೆ ಉತ್ತರ ಸಿಗುತ್ತದೆ. ಫುಲ್ ಫ್ರೇಮಿನ ಲೆಕ್ಕದಲ್ಲಿ ಮಸೂರದ ಮಿಲಿಮೀಟರು ಗೊತ್ತಿದ್ದರೆ, ದೂರವನ್ನು ೩೬ರಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿ. ಚಿತ್ರದಲ್ಲಿ ಹಿಡಿಯುವ ಅಗಲ ಬರುತ್ತದೆ. ನಮ್ಮ ಮುಂಬಯಿಯ ಕೋಣೆಗಳಲ್ಲಿ ಗೋಡೆಗೆ ಬೆನ್ನು ಹಚ್ಚಿದರೆ ಎದುರಿಗೆ ಎರಡು ಮೀಟರು ಸಿಗುವುದೇ ಹೆಚ್ಚು. ಎರಡು ಮೀಟರಿನಲ್ಲಿ ೨೮ ಮಿಲಿಮೀಟರ್ ಮಸೂರ ಎರಡೂವರೆ ಮೀಟರಿಗೆ ತುಸು ಮಿಕ್ಕ ಅಗಲವನ್ನು ಹಿಡಿಯುತ್ತದೆ. ಊಟಕ್ಕೆ ಕುಳಿತ ಪಂಕ್ತಿ ಪೂರ್ತಿ ಬಂತು. ೩೫ ಆದರೆ ಎರಡು ಮೀಟರಿಗೆ ತುಸು ಹೆಚ್ಚು. ೪೦ ಆದರೆ ೧.೮ ಮೀಟರು, ಇಬ್ಬರು ಮೂವರು ಸೊಗಸಾಗಿ ಬರುತ್ತಾರೆ. ೨೮ರಲ್ಲಿ ಒಬ್ಬರ ಮುಖವನ್ನೇ ತುಂಬಿಸಬೇಕೆಂದರೆ ತೀರ ಹತ್ತಿರ ಹೋಗಬೇಕು. ಆಗ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಹಿರಿಯರು ಇದನ್ನು ಮೆಚ್ಚುವುದಿಲ್ಲ.

ನಿಮ್ಮ ಒಲವು ಯಾವುದೆಂದು ಊಹಿಸುತ್ತ ಕೂರಬೇಕಿಲ್ಲ. ಪ್ರತಿಯೊಂದು ಚಿತ್ರದ ಕಡತದಲ್ಲಿಯೂ ಅದನ್ನು ತೆಗೆದ ಮಸೂರದ ಅಳತೆ, ಕಿಂಡಿ, ವೇಗ ಎಲ್ಲವೂ ದಾಖಲಾಗಿರುತ್ತದೆ. ಕಚೇರಿಯ ಕಡತಗಳಲ್ಲಿಯೇ ಹಗಲು ಕಳೆಯುವ ನಮ್ಮಂತಹವರಿಗೆ ಇದು ಕಷ್ಟವಲ್ಲ. ನಿಮಗೆ ಪ್ರಿಯವಾದ ಐವತ್ತು ಚಿತ್ರಗಳನ್ನು ಆರಿಸಿ, ಆ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಅಳತೆ ಪದೇ ಪದೇ ಬರುವುದೋ ಅದೇ ನಿಮ್ಮ ಕಣ್ಣು.

ಕೆಲವು ಮಾದರಿಗಳು

ರಿಕೋ ಕಂಪನಿಯ ಜಿಆರ್ ತ್ರೀ ೨೦೧೯ರಲ್ಲಿ ಬಂದಿತು. ಎಪಿಎಸ್-ಸಿ ಸಂವೇದಕ, ೨೮ ಮಿಲಿಮೀಟರ್ ನೋಟ, ಎಫ್ ೨.೮ ಮಸೂರ, ಬ್ಯಾಟರಿ ಸೇರಿ ತೂಕ ೨೫೭ ಗ್ರಾಂ ಮಾತ್ರ. ೨೦೨೧ರಲ್ಲಿ ಬಂದ ತ್ರೀ ಎಕ್ಸ್ ಎಂಬ ಅದರ ತಮ್ಮನಿಗೆ ೪೦ ಮಿಲಿಮೀಟರಿನ ನೋಟ. ಗುಂಡಿ ಒತ್ತಿ ಒಂದು ಸೆಕೆಂಡು ತುಂಬುವುದರೊಳಗೆ ಸಿದ್ಧ. ಒಂದೇ ಕೈಯಲ್ಲಿ ಎಲ್ಲ ಕೆಲಸ ನಡೆಯುತ್ತದೆ. ಕುಂದುಗಳೂ ಉಂಟು: ಜೂಮ್ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಮಿಂಚುದೀಪವಿಲ್ಲ. ಕಂಪನಿಯ ಲೆಕ್ಕದಲ್ಲಿಯೇ ಒಂದು ಬ್ಯಾಟರಿಗೆ ಸುಮಾರು ಇನ್ನೂರು ಚಿತ್ರ. ನಮ್ಮ ಡಿ ೭೫೦ ಇದೇ ಲೆಕ್ಕದಲ್ಲಿ ೧೨೩೦ ಚಿತ್ರ ಕೊಡುತ್ತದೆ. ಎರಡನೆಯ ಬ್ಯಾಟರಿಯ ಬೆಲೆಯನ್ನು ಮೊದಲೇ ಸೇರಿಸಿಕೊಳ್ಳುವುದು ಲೇಸು. ೨೦೨೫ರಲ್ಲಿ ಇದೇ ವಂಶದ ಜಿಆರ್ ಫೋರ್ ಬಂದಿದೆ. ಇದರಿಂದ ಹಳೆಯವು ಕೈಬದಲಾಗಿ ಸಿಗುವ ಸಂಭವ ಹೆಚ್ಚು.

ಜೂಮ್ ಬೇಕೇ ಬೇಕೆನ್ನುವವರಿಗೆ ಸೋನಿಯ ಆರ್‌ಎಕ್ಸ್ ೧೦೦ ಮಾಲೆ ಇದೆ. ೨೦೧೨ರಲ್ಲಿ ಆರಂಭವಾದ ಈ ಮಾಲೆಯ ಏಳನೆಯದು ೨೦೧೯ರಲ್ಲಿ ಬಂದಿತು. ೩೦೨ ಗ್ರಾಂ ತೂಕದಲ್ಲಿ ೨೪ರಿಂದ ೨೦೦ ಮಿಲಿಮೀಟರಿನವರೆಗಿನ ನೋಟ! ಮಕ್ಕಳ ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ವರವೇ ಸರಿ. ಆದರೆ ಸಂವೇದಕ ಒಂದು ಇಂಚಿನದು. ಮಸೂರವನ್ನು ೨೦೦ಕ್ಕೆ ಎಳೆದಾಗ ಕಿಂಡಿ ಎಫ್ ೪.೫ಕ್ಕೆ ಕಿರಿದಾಗುತ್ತದೆ, ಎಫ್ ೨.೮ರಲ್ಲಿ ಬರುವ ಬೆಳಕಿನ ಐದರಲ್ಲಿ ಎರಡು ಪಾಲು ಮಾತ್ರ ಒಳಗೆ ಬಂದಂತಾಯಿತು. ಹಗಲಿಗೆ ಹುಲಿ, ಇರುಳಿಗೆ ಇಲಿ.

ಇವೆರಡರ ನಡುವೆ ಪ್ಯಾನಸೋನಿಕ್ಕಿನ ಎಲ್‌ಎಕ್ಸ್ ೧೦೦ ಎರಡನೆಯ ಮಾದರಿ, ೨೦೧೮ರದು. ಫೋರ್ ಥರ್ಡ್ಸ್ ಸಂವೇದಕ, ೨೪-೭೫ ಮಿಲಿಮೀಟರ್, ಎಫ್ ೧.೭ರಿಂದ ೨.೮, ದೀಪದ ಬೆಳಕಿಗೆ ಬಲು ಉದಾರವಾದ ಕಿಂಡಿ. ತೂಕ ೩೯೨ ಗ್ರಾಂ. ಅಂಗಿಯ ಕಿಸೆಗೆ ಹೆಚ್ಚು, ಚೀಲಕ್ಕೆ ಸಮ.

ಫ್ಯೂಜಿಯ ಎಕ್ಸ್ ೧೦೦ ಸಿಕ್ಸ್ ೨೦೨೪ರಲ್ಲಿ ಬಂದಾಗ ಜನ ಮುಗಿಬಿದ್ದರು. ಹಳೆಯ ಕಾಲದ ಚೆಲುವು, ೩೫ ಮಿಲಿಮೀಟರಿನ ನೋಟ, ಎಫ್ ೨ ಮಸೂರ, ಕಣ್ಣಿಟ್ಟು ನೋಡಲು ಗಾಜಿನ ಕಿಂಡಿ. ಚಿತ್ರ ಸೊಗಸು, ಆದರೆ ೫೨೧ ಗ್ರಾಂ. ಕೊರಳಿಗೆ ಆಭರಣ, ಕಿಸೆಗೆ ಹೊರೆ. ದೊಡ್ಡ ಕ್ಯಾಮೆರಾ ಇಲ್ಲದವರಿಗೆ ಇದೊಂದೇ ಸಾಕಾದೀತು. ಇರುವವರಿಗೆ ಜೊತೆಗಾರನಾಗಲು ಇದು ತುಸು ದೊಡ್ಡಸ್ತಿಕೆಯದು.

ಏನನ್ನೂ ಹೊಸದಾಗಿ ಕೊಳ್ಳದ ಮಾರ್ಗವೂ ಒಂದಿದೆ. ಡಿ ೭೫೦ಕ್ಕೆ ೧೮೫ ಗ್ರಾಂ ತೂಕದ ೫೦ ಮಿಲಿಮೀಟರ್ ಎಫ್ ೧.೮ ಮಸೂರ ತೊಡಿಸಿದರೆ ಒಟ್ಟು ಒಂದು ಕಿಲೋಗೆ ಇಳಿಯುತ್ತದೆ. ಅಗ್ಗದ ಉಪಾಯ, ಉತ್ತಮ ಚಿತ್ರ. ಆದರೂ ಅದು ಕಿಸೆಯ ವಸ್ತುವಾಗಲಿಲ್ಲ.

ರಂಗದ ಮುಂದೆ, ಚೌಕಿಯ ಒಳಗೆ

ಎರಡು ಕ್ಯಾಮೆರಾಗಳ ನಿಜವಾದ ಸಹಕಾರ ಕಾಣುವುದು ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲಿ. ಊರಿನ ಮೇಳ ಬಂದು ಯಕ್ಷಗಾನ ಆಡಿದ ರಾತ್ರಿಯನ್ನು ನೆನೆಯಿರಿ. ದೊಡ್ಡದಕ್ಕೆ ಉದ್ದ ಮಸೂರ ತೊಡಿಸಿ ರಂಗದ ಮೇಲಿನ ಕುಣಿತವನ್ನು ದೂರದಿಂದ ಹಿಡಿಯಬೇಕು. ಆದರೆ ಚೌಕಿಯೊಳಗೆ, ಒಂದು ಕನ್ನಡಿಯ ಮುಂದೆ ಭೀಮನೂ ದುರ್ಯೋಧನನೂ ಮಂಡಿ ತಾಗಿಸಿ ಕುಳಿತು ಬಣ್ಣ ಹಚ್ಚಿಕೊಳ್ಳುತ್ತಿರುವಾಗ, ಆ ಕೊಳವೆಯಂತಹ ಮಸೂರವನ್ನು ಮುಖಕ್ಕೆ ಹಿಡಿಯುವುದು ಮರ್ಯಾದೆಯಲ್ಲ, ಸ್ಥಳವೂ ಇಲ್ಲ. ಅಲ್ಲಿ ಸಣ್ಣದು ಸಲ್ಲುತ್ತದೆ. ಜಿಆರ್, ಎಕ್ಸ್ ೧೦೦ ಇವುಗಳಲ್ಲಿ ಶಟರು ಮಸೂರದೊಳಗೇ ಇರುವುದರಿಂದ ಸದ್ದು ಬಲು ಕಡಿಮೆ. ಸಂಗೀತ ಕಚೇರಿಯಲ್ಲಿ ಆಲಾಪನೆಯ ನಡುವೆ ತೆಗೆದರೂ ಪಕ್ಕದವರು ತಿರುಗಿ ನೋಡುವುದಿಲ್ಲ. ಪೂರ್ತಿ ನಿಶ್ಶಬ್ದವಾದ ಎಲೆಕ್ಟ್ರಾನಿಕ್ ಶಟರನ್ನು ಎಲ್‌ಇಡಿ ದೀಪಗಳ ಕೆಳಗೆ ಬಳಸುವಾಗ ಮಾತ್ರ ಎಚ್ಚರ. ಚಿತ್ರದಲ್ಲಿ ಅಡ್ಡ ಪಟ್ಟೆಗಳು ಮೂಡುವುದುಂಟು.

ಇನ್ನೊಂದು ಸಣ್ಣ ಸೂಚನೆ. ಎರಡು ಕ್ಯಾಮೆರಾಗಳ ಗಡಿಯಾರವನ್ನೂ ಒಂದೇ ನಿಮಿಷಕ್ಕೆ ಹೊಂದಿಸಿಕೊಳ್ಳಿ. ಇಲ್ಲವಾದರೆ ಗಣಕಯಂತ್ರದಲ್ಲಿ ಚಿತ್ರಗಳನ್ನು ಜೋಡಿಸಿದಾಗ ತಾಳಿ ಕಟ್ಟಿದ ಮೇಲೆ ವರ ಮಂಟಪಕ್ಕೆ ಬಂದಂತಾಗುತ್ತದೆ.

ಕೊಳ್ಳುವ ಮುನ್ನ

ಹೊಸದನ್ನು ಕೊಳ್ಳುವವರು ತೆರಿಗೆಯನ್ನು ಮರೆಯಬಾರದು. ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು ೨೦೧೯ರ ಜನವರಿಯಿಂದ ೨೮ರಿಂದ ಶೇಕಡ ೧೮ಕ್ಕೆ ಇಳಿಸಲಾಯಿತು. ಬಿಲ್ಲಿಲ್ಲದೆ ಅಗ್ಗವಾಗಿ ಕೊಡುತ್ತೇವೆನ್ನುವವರ ಬಳಿ ಕೊಂಡರೆ ಉಳಿಯುವುದು ಈ ತೆರಿಗೆಯ ಹಣ. ಹೋಗುವುದು ಕಂಪನಿಯ ಖಾತರಿ. ನಮ್ಮ ಪರಿಚಿತರೊಬ್ಬರು ಒಂದು ಅಂಗಡಿಯಲ್ಲಿ ಕೊಂಡ ಕ್ಯಾಮೆರಾದ ರಸೀದಿಯ ಮೇಲೆ ಕ್ರಮಸಂಖ್ಯೆಯೇ ಇರಲಿಲ್ಲ. ಮಸೂರ ಕೆಟ್ಟಾಗ ಆ ಕಾಗದ ಯಾವ ಉಪಯೋಗಕ್ಕೂ ಬರಲಿಲ್ಲ. ಪೆಟ್ಟಿಗೆಯ ಮೇಲಿನ ಸಂಖ್ಯೆ, ಕ್ಯಾಮೆರಾದ ತಳದ ಸಂಖ್ಯೆ, ರಸೀದಿಯ ಸಂಖ್ಯೆ, ಮೂರನ್ನೂ ಅಂಗಡಿಯಲ್ಲಿ ನಿಂತೇ ತಾಳೆ ನೋಡಬೇಕು.

ಬಳಸಿದ್ದನ್ನು ಕೊಳ್ಳುವುದರಲ್ಲಿ ಅವಮಾನವಿಲ್ಲ, ಪರೀಕ್ಷೆ ಬೇಕು. ಮಸೂರವನ್ನು ಹತ್ತು ಸಲ ತೆರೆದು ಮುಚ್ಚಿ, ಅದು ಮುಗ್ಗರಿಸದೆ ಚಲಿಸುವುದೋ ಆಲಿಸಿ. ಕಿಂಡಿಯನ್ನು ಎಫ್ ೧೧ ಅಥವಾ ೧೬ಕ್ಕೆ ಕಿರಿದು ಮಾಡಿ ಬಿಳಿಯ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆಗಳಿದ್ದರೆ ಸಂವೇದಕದ ಮೇಲೆ ಧೂಳು ಕುಳಿತಿದೆ. ದೊಡ್ಡ ಕ್ಯಾಮೆರಾದಲ್ಲಿ ಮಸೂರ ಬಿಚ್ಚಿ ಒರೆಸಬಹುದು. ಇವುಗಳಲ್ಲಿ ಮಸೂರ ಬಿಚ್ಚಲು ಬಾರದು, ದುರಸ್ತಿಯವರ ಬಳಿಗೇ ಒಯ್ಯಬೇಕು. ಟಾರ್ಚಿನ ಬೆಳಕನ್ನು ಮಸೂರದೊಳಗೆ ಹಾಯಿಸಿ, ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು; ಅಂತಹುದನ್ನು ಮುಟ್ಟಬೇಡಿ.

ನಮ್ಮ ಕರಾವಳಿ ನಗರದ ಮಳೆಗಾಲದಲ್ಲಿ ಈ ಬೂಷ್ಟೇ ಮಸೂರಗಳ ಮುಖ್ಯ ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಇಡಬೇಕು. ಜೆಲ್ಲಿನ ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಚರ್ಮದ ಚೀಲದಲ್ಲಿ ಮುಚ್ಚಿಡುವುದು ಬೂಷ್ಟಿಗೆ ಆಮಂತ್ರಣವಿತ್ತಂತೆ. ದಿನವೂ ಹೊರಗೆ ಬರುವ ಕ್ಯಾಮೆರಾಕ್ಕೆ ಗಾಳಿ ಬೆಳಕು ತಾನಾಗಿ ದೊರೆಯುವುದರಿಂದ ಈ ರೋಗ ತಗಲುವುದು ಕಡಿಮೆ.

ನಮ್ಮ ಆಯ್ಕೆ

ನಾವು ಐವತ್ತು ಚಿತ್ರಗಳ ಪಟ್ಟಿ ಮಾಡಿದಾಗ ೩೫ರಿಂದ ೫೦ರ ನಡುವಿನವೇ ಹೆಚ್ಚು ಕಂಡವು. ಮನೆಯವರ ಮುಖಗಳೇ ನಮಗೆ ಮುಖ್ಯ. ಆದುದರಿಂದ ಜಿಆರ್ ತ್ರೀ ಎಕ್ಸ್ ಅನ್ನು, ಬಳಸಿದ್ದನ್ನು, ಆರಿಸಿದೆವು. ತುಟ್ಟಿಭತ್ಯೆಯ ಬಾಕಿಯ ಹಣಕ್ಕೆ ಹತ್ತು ತಿಂಗಳ ಉಳಿತಾಯವನ್ನು ಸೇರಿಸಬೇಕಾಯಿತು. ಶ್ರೀಮತಿ ಕೇಳಿದ್ದು ಎರಡೇ ಪ್ರಶ್ನೆ: “ನನ್ನ ಪರ್ಸಿನಲ್ಲಿ ಹಿಡಿಯುತ್ತದೇನ್ರೀ? ನಾನೂ ತೆಗೆಯಬಹುದೇನು?” ಎರಡಕ್ಕೂ ಹೌದೆಂದ ಮೇಲೆಯೇ ಒಪ್ಪಿಗೆ ದೊರೆತದ್ದು. ಇದರಿಂದ ನಾವು ಎಣಿಸದ ಲಾಭವೊಂದಾಯಿತು. ದೊಡ್ಡ ಕ್ಯಾಮೆರಾ ನಮ್ಮ ಕೈಯಲ್ಲೇ ಇರುತ್ತಿದ್ದುದರಿಂದ ಮನೆಯ ಚಿತ್ರಗಳಲ್ಲಿ ತಂದೆಯೆಂಬ ಪ್ರಾಣಿಯೇ ಕಾಣುತ್ತಿರಲಿಲ್ಲ. ಈಗ ಮಗಳ ಜಡೆ ಹೆಣೆಯುತ್ತಿರುವ ತಂದೆ, ಲೋಕಲ್ ಗಾಡಿಯಲ್ಲಿ ತೂಕಡಿಸುವ ತಂದೆ, ಇಬ್ಬರೂ ದೊರೆತಿದ್ದಾರೆ. ರಜೆಗೆ ಧಾರವಾಡಕ್ಕೆ ಹೋದಾಗ ಅಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಚಿತ್ರವೊಂದು ಬಂತು. “ಇದ್ಯಾಕೋ, ಹಳೇ ಸೀರಿ ಉಟ್ಟೀನಲ್ಲೋ!” ಎಂದು ಅಮ್ಮ ಗದರಿದರು. ಅದನ್ನೇ ಅಚ್ಚು ಹಾಕಿಸಿ ಗೋಡೆಗೆ ತೂಗಿದ್ದೇವೆ.

ಹಾಗೆಂದು ದೊಡ್ಡದನ್ನು ಮಾರಲಿಲ್ಲ, ಯಾರೂ ಮಾರಬೇಕಾಗಿಲ್ಲ. ಮದುವೆಯ ಮಂಟಪ, ರಂಗಸ್ಥಳ, ಮಕ್ಕಳ ಕ್ರೀಡಾಕೂಟ, ದೂರದ ಹಕ್ಕಿ ಇವೆಲ್ಲ ಅದರ ಪಾಲು.

ಕೊನೆಗೆ ವಾಚಕರಲ್ಲಿ ಒಂದು ವಿಜ್ಞಾಪನೆ. ಅಂಗಡಿಗೆ ಹೋಗುವ ಮುನ್ನ ಮುನ್ನೂರು ಗ್ರಾಂ ಅಕ್ಕಿಯನ್ನು ಒಂದು ಪುಟ್ಟ ಡಬ್ಬಿಯಲ್ಲಿ ತುಂಬಿ, ಒಂದು ವಾರ ಕಾಲ ಕಿಸೆಯಲ್ಲೋ ಪರ್ಸಿನಲ್ಲೋ ಇಟ್ಟುಕೊಂಡು ತಿರುಗಿರಿ. ಕಚೇರಿಗೆ, ಮಾರುಕಟ್ಟೆಗೆ, ಮಕ್ಕಳ ಶಾಲೆಗೆ, ಎಲ್ಲಿಗೆ ಹೋದರೂ ಅದು ನಿಮ್ಮೊಡನೆ ಬರಲಿ. ಮೂರನೆಯ ದಿನವೇ ಡಬ್ಬಿ ಅಡುಗೆಮನೆಗೆ ಮರಳಿದರೆ ಹಣ ಉಳಿಯಿತು. ಆ ಅಕ್ಕಿಯಿಂದ ಚಿತ್ರಾನ್ನ ಮಾಡಿರಿ. ವಾರವಿಡೀ ಜೊತೆಯಲ್ಲಿ ಉಳಿದರೆ, ಆ ಏಳು ದಿನಗಳಲ್ಲಿ ‘ಈಗ ಕ್ಯಾಮೆರಾ ಇದ್ದಿದ್ದರೆ’ ಎಂದು ಎಷ್ಟು ಸಲ ಅನಿಸಿತೆಂದು ಎಣಿಸಿಕೊಂಡು, ಆಮೇಲೆ ಅಂಗಡಿಯ ದಾರಿ ಹಿಡಿಯಿರಿ.